ಕಳ್ಳತನಕ್ಕೆ ಜಾತಿ ಕಟ್ಟಿದವರು

ಊರಲ್ಲಿ ಒಂದು ಮನೆಗೆ ಕನ್ನ ಬಿದ್ದಿತೆನ್ನಿ. ಪೊಲೀಸರು ಜೀಪಿನಿಂದ ಇಳಿಯುವ ಮೊದಲೇ ಕಟ್ಟೆಯ ಮೇಲೆ ಕುಳಿತವರು ತೀರ್ಪು ಕೊಟ್ಟು ಮುಗಿಸಿರುತ್ತಾರೆ: ‘ಸಾಹೇಬ್ರ, ಹಳ್ಳದ ದಂಡಿಗೆ ಗುಡಾರ ಹಾಕ್ಯಾರಲ್ರೀ, ಮೊದಲ ಅವರನ್ನ ವಿಚಾರಿಸ್ರಿ.’ ಅಂತೂರ ಬೆಂತೂರದಲ್ಲಿ ಹುಟ್ಟಿ ಬೆಳೆದ ನಾನು ಸುತ್ತಲಿನ ಹಳ್ಳಿಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ಬಾಗಿಲಿಗೆ ಬಂದವರಿಗೆ ರೊಟ್ಟಿ ಕೊಡುವವರೇ. ಆದರೆ ಗುಡಾರದವರು ರಾತ್ರಿ ಎಲ್ಲಿದ್ದರೆಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಜಾತಿಯೊಂದೇ.

2020ರಲ್ಲಿ ಅಮೆರಿಕದ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯ ಪೊಲೀಸನ ಮೊಣಕಾಲಿನ ಕೆಳಗೆ ಸತ್ತಾಗ ನಮ್ಮವರೂ ಮರುಗಿದರು. ಬಣ್ಣ ನೋಡಿ ಅನುಮಾನಪಡುವುದು ಅನ್ಯಾಯವೆಂದು ಮಾತಾಡಿದರು. ಒಳ್ಳೆಯದು. ಜಾತಿ ನೋಡಿ ಅನುಮಾನಪಡುವುದಕ್ಕೆ ಏನು ಹೆಸರಿಡೋಣ?

ಈ ಅನುಮಾನ ನಮ್ಮ ಮಣ್ಣಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. 1911ರಲ್ಲಿ ಅದು ಮುಂಬಯಿ ಪ್ರಾಂತಕ್ಕೂ ಬಂತು. ಕೂಸು ತೊಟ್ಟಿಲಲ್ಲಿರುವಾಗಲೇ ಅದರ ಕುಲ ಕಳ್ಳರ ಕುಲವೆಂದು ಸರಕಾರ ಸಾರಿತು. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಒಳಗಿದ್ದವರು ಹಾಜರಿ ಕೊಡಬೇಕು, ಬೆರಳಚ್ಚು ಒತ್ತಬೇಕು, ಹೊರಗೆ ಹೋಗಲು ಪಾಸು ಕೇಳಬೇಕು. ಗದಗ-ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಹೆಸರು ಹೇಳಿ ಆಟೋ ಹತ್ತುವ ನಾವು ಅದು ಬಯಲು ಬಂದೀಖಾನೆಯ ಹೆಸರೆಂದು ಒಮ್ಮೆಯಾದರೂ ನೆನೆದಿದ್ದೇವೆಯೇ?

ಗಂಟಿಚೋರರನ್ನೇ ನೋಡಿ. ಹೆಸರಿನಲ್ಲೇ ಚೋರನನ್ನು ಕೂಡಿಸಿದ್ದೇವೆ. ಪರಿಶಿಷ್ಟ ಜಾತಿಗಳ ಸರಕಾರಿ ಪಟ್ಟಿಯಲ್ಲೂ ಅದೇ ಹೆಸರು. ಆ ಮನೆಯ ಹುಡುಗಿ ಕಾಲೇಜಿಗೆ ಸೇರಲು ಜಾತಿ ಪ್ರಮಾಣಪತ್ರ ತರಬೇಕಾದರೆ, ಚೋರ ಎಂಬ ಶಬ್ದಕ್ಕೆ ಸರಕಾರದ ಮೊಹರು ಒತ್ತಿಸಿಕೊಂಡೇ ತರಬೇಕು. ಕೊರಮರು ಬುಟ್ಟಿ ಹೆಣೆದದ್ದನ್ನೂ ಹರಣಶಿಕಾರಿಗಳು ಅಡವಿ ಬಲ್ಲವರೆಂಬುದನ್ನೂ ಮರೆತೆವು. ಸಾಹೇಬರು ಬರೆದಿಟ್ಟ ಸುಳ್ಳನ್ನು ಮಾತ್ರ ಮರೆಯಲಿಲ್ಲ.

1952ರ ಆಗಸ್ಟ್ 31ರಂದು ಆ ಕಾಯ್ದೆ ದೇಶದಲ್ಲೆಲ್ಲ ರದ್ದಾಯಿತು. ಆ ದಿನವನ್ನು ವಿಮುಕ್ತರ ದಿನವೆಂದು ಆಚರಿಸುತ್ತಾರೆ. ಆದರೆ ಬೆನ್ನಿಗೇ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರಲ್ಲಿ. ಕಾಗದದ ಮೇಲೆ ಇದು ಜಾತಿಯನ್ನು ಕೇಳುವುದಿಲ್ಲ, ಒಬ್ಬೊಬ್ಬನಿಗೆ ಆದ ಶಿಕ್ಷೆಗಳನ್ನು ಎಣಿಸುತ್ತದೆ. ಆದರೆ ಠಾಣೆಯ ರೂಢಿ ಕಾಗದದಷ್ಟು ಬೇಗ ಬದಲಾಗುವುದಿಲ್ಲ. ಊರಿನ ರೂಢಿಯಂತೂ ಇನ್ನೂ ನಿಧಾನ.

‘ಹಾಗಾದರೆ ಅವರಲ್ಲಿ ಕಳ್ಳರೇ ಇಲ್ಲವೇನ್ರಿ?’ ಎಂದು ಕೇಳುವವರಿದ್ದಾರೆ. ಇದ್ದಾರೆ, ನಿಮ್ಮಲ್ಲಿ, ನಮ್ಮಲ್ಲಿ ಇರುವಂತೆಯೇ. ಬ್ಯಾಂಕಿಗೆ ಕೋಟಿಗಟ್ಟಲೆ ಟೋಪಿ ಹಾಕಿದವನ ಜಾತಿಯವರನ್ನೆಲ್ಲ ಠಾಣೆಗೆ ಕರೆಸಿ ರಾತ್ರಿಯಿಡೀ ಕೂಡ್ರಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಇನ್ನೊಂದು ಮಾತು. ಗುಡಾರದವನನ್ನು ಎಳೆದೊಯ್ದ ಗಳಿಗೆಯಲ್ಲೇ ಹುಡುಕಾಟ ನಿಲ್ಲುತ್ತದೆ. ನಿಜವಾದ ಕಳ್ಳ ಅದೇ ಕಟ್ಟೆಯ ಮೇಲೆ ನಮ್ಮ ಪಕ್ಕದಲ್ಲೇ ಚಹಾ ಕುಡಿಯುತ್ತಿರಬಹುದು.

ಎದುರು ನಿಂತವರಿಲ್ಲವೆಂದಲ್ಲ. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಎಂಬ ತರುಣ 1998ರ ಫೆಬ್ರುವರಿಯಲ್ಲಿ ಬಂಧನದಲ್ಲಿದ್ದಾಗಲೇ ಸತ್ತ. ಆತ್ಮಹತ್ಯೆಯೆಂದು ಹೇಳಲಾಯಿತು. ಅವನ ಜನ ಹೆಣ ಸುಡಲಿಲ್ಲ, ಹೂತಿಟ್ಟು ಕಾದರು. ಮಹಾಶ್ವೇತಾ ದೇವಿ ಬೆನ್ನಿಗೆ ನಿಂತರು. ಎರಡನೆಯ ಶವಪರೀಕ್ಷೆಯಾಯಿತು, ಕಲ್ಕತ್ತಾ ಹೈಕೋರ್ಟು ಸಿ.ಬಿ.ಐ. ತನಿಖೆಗೂ ಪರಿಹಾರಕ್ಕೂ ಆದೇಶಿಸಿತು. ಓದು ಬರಹ ಕಡಿಮೆಯಿದ್ದ ಜನ ಸಾಕ್ಷ್ಯವನ್ನು ಹೀಗೆ ಕಾಪಾಡಿದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನ ಜಾತಿಭೇದದ ನಿಯಮಗಳನ್ನು ಹೊಡೆದುಹಾಕಿದಾಗ, ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಕೂಡದೆಂದು ಪೊಲೀಸರಿಗೂ ಹೇಳಿತು.

ಕೋರ್ಟು ಹೇಳಿದ್ದು ಹಳ್ಳದ ದಂಡೆಯವರೆಗೆ ಬರಬೇಕಾದರೆ ನಾವು ಏಳಬೇಕು. ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ಕಣ್ಣಾರೆ ಕಂಡಿದ್ದರೆ ಹೇಳಿ, ಕಾಣದಿದ್ದರೆ ಜಾತಿಯ ಹೆಸರು ಎತ್ತಬೇಡಿ. ಬರೆಯದ ಪಂಚನಾಮೆಗೆ ಪಂಚರಾಗಿ ಸಹಿ ಹಾಕಬೇಡಿ. ಆ ಸಹಿಯಿಂದ ಒಬ್ಬನ ಮನೆ ಹಾಳಾಗುತ್ತದೆ. ಯಾರನ್ನಾದರೂ ಕರೆದೊಯ್ದರೆ ನಾಲ್ಕು ಜನ ಕೂಡಿ ಹಿಂದೆ ಹೋಗಿ. ಬಂಧನದ ಕಾರಣ ಕೇಳಿ. ಮನೆಯವರಿಗೆ ತಿಳಿಸಿದ್ದಾರೆಯೇ ಕೇಳಿ. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ, ಅದನ್ನು ನೆನಪಿಸಿ. ಪರಿಶಿಷ್ಟರಿಗೆ, ಹೆಂಗಸರಿಗೆ, ಬಂಧನದಲ್ಲಿರುವವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಾನೂನು 1987ರಿಂದಲೇ ಇದೆ. ಕಾನೂನು ಸೇವಾ ಪ್ರಾಧಿಕಾರದ 15100 ನಂಬರನ್ನು ಶಾಲೆಯ ಗೋಡೆಯ ಮೇಲೂ ಗುಡಾರದವರ ಮೊಬೈಲಿನಲ್ಲೂ ಬರೆಸಿ.

1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇರುವುದು ಒಂದು ಮಾತು: ಬಂಧನದ ಟಿಪ್ಪಣಿಗೆ ಬಂಧಿತನ ಮನೆಯವರಾಗಲಿ, ಆ ಜಾಗದ ಒಬ್ಬ ಗೌರವಸ್ಥರಾಗಲಿ ಸಾಕ್ಷಿ ಹಾಕಬೇಕು. ಜಾತ್ರೆಯ ಕರಪತ್ರದಲ್ಲಿ ಹೆಸರು ಮೇಲೆ ಬರಬೇಕೆಂದು ಜಗಳಾಡುವ ನಮ್ಮ ಗೌರವಸ್ಥರಿಗೆ ಇದಕ್ಕಿಂತ ದೊಡ್ಡ ಜಾಗ ಎಲ್ಲಿ ಸಿಕ್ಕೀತು? ಅಲ್ಲಿ ಸಹಿ ಹಾಕಲಿ. ಹಾಕುವ ಮುಂಚೆ ಓದಲಿ.