ಒಂದು, ನಾಲ್ಕು, ನಾಲ್ಕು, ಒಂದು, ಆರು

ಮಕ್ಕಳೇ, ಈ ವಾರದ ಪುಟವನ್ನು ಅಜ್ಜ ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವರ ಕನ್ನಡಕ ಹುಡುಕಿಕೊಡುವ ಕೆಲಸವೂ ನಿಮ್ಮದೇ.

ಜ್ವರ ಬಂದರೆ ಥರ್ಮಾಮೀಟರ್ ಇಡುತ್ತೇವೆ, ಕೆಮ್ಮಿದರೆ ಕಷಾಯ ಕಾಯಿಸುತ್ತೇವೆ. ಮನಸ್ಸಿಗೆ ಕಷ್ಟವಾದರೆ ಮಾತ್ರ ‘ಏನಿಲ್ಲ, ಸರಿಹೋಗುತ್ತೆ’ ಅಂದುಬಿಡುತ್ತೇವೆ. ನಮ್ಮ ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದೊಂದು ಇತ್ತು. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಗೊತ್ತಾಗದ ಹಣವನ್ನು ತಾತ್ಕಾಲಿಕವಾಗಿ ಅಲ್ಲಿಡುತ್ತಿದ್ದೆವು. ತಾತ್ಕಾಲಿಕ ಅನ್ನುವುದನ್ನು ಮರೆತರೆ ಆಡಿಟ್‌ನವರು ಬಂದು ಕೂರುತ್ತಿದ್ದರು. ಎಷ್ಟೋ ಮನೆಗಳ ಭಯ, ಸಿಟ್ಟು, ಬೇಸರವೆಲ್ಲ ಆ ಖಾತೆಯಲ್ಲೇ ವರ್ಷಗಟ್ಟಲೆ ಕೂತಿರುತ್ತದೆ.

ನಮ್ಮ ಬೀದಿಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಹೆಸರು ಬೇಡ, ಅವಳೂ ಮನೆಯವರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ಏಳೂವರೆಗೆ ಅವಳಿಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಅಜ್ಜಿ ದೃಷ್ಟಿ ತೆಗೆದರು, ಓಮದ ನೀರು ಕೊಟ್ಟರು. ಡಾಕ್ಟರು ಪರೀಕ್ಷೆಯೆಲ್ಲ ಮಾಡಿಸಿ, ‘ಹೊಟ್ಟೆಯಲ್ಲಿ ಏನೂ ಇಲ್ಲ, ಮಗು ಯಾವುದಕ್ಕೋ ಹೆದರಿದೆ, ಕೌನ್ಸೆಲಿಂಗ್ ಮಾಡಿಸಿ’ ಎಂದರು. ಅಷ್ಟಕ್ಕೇ ಮನೆಯಲ್ಲಿ ರಂಪ. ‘ನನ್ನ ಮಗಳಿಗೇನು ಹುಚ್ಚಾ?’ ಎಂದು ತಂದೆ. ‘ವಾರವಿಡೀ ಊರಲ್ಲಿರದೋರಿಗೆ ಏನು ಗೊತ್ತು?’ ಎಂದು ತಾಯಿ. ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

‘ಅಣ್ಣಾ, ನೀವು ಬ್ಯಾಂಕಿನಲ್ಲಿದ್ದೋರು, ನಿಮಗೆ ಎಲ್ಲ ತಿಳಿದಿರುತ್ತೆ’ ಎಂದು ಅಜ್ಜಿ ನನ್ನ ಹತ್ತಿರ ಬಂದರು. (ಈ ನಂಬಿಕೆಯನ್ನು ನಾನು ಇದುವರೆಗೂ ಕೆಡಿಸಿಲ್ಲ.) ನನಗೆ ತಿಳಿದಿದ್ದು ಒಂದು ನಂಬರು: 14416. ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಇದನ್ನು ಶುರು ಮಾಡಿತು. ಇಡೀ ದೇಶದ ಈ ಕೆಲಸಕ್ಕೆ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ. ಮೊದಲು ಯಾವ ಭಾಷೆ ಎಂದು ಕೇಳುತ್ತದೆ, ಕನ್ನಡ ಆರಿಸಿಕೊಂಡರೆ ಕನ್ನಡದವರೇ ಸಿಗುತ್ತಾರೆ. ಮೊದಲು ಮಾತಾಡುವವರು ತರಬೇತಿ ಪಡೆದ ಸಲಹೆಗಾರರು. ಬೇಕಾದರೆ ಮನೋವೈದ್ಯರವರೆಗೂ ಕಳಿಸುತ್ತಾರೆ.

ಅಜ್ಜಿ ಫೋನ್ ಹಿಡಿದು ಮೊದಲು ಐದು ನಿಮಿಷ ಸುಮ್ಮನೆ ಅತ್ತರು. ಆ ಕಡೆಯ ಹೆಣ್ಣುಮಗಳು ಗಡಿಬಿಡಿ ಮಾಡಲಿಲ್ಲ.

ಮಾರನೆ ದಿನ ಹುಡುಗಿಯ ಸರದಿ. ಎಲ್ಲಿ ಕೂತು ಮಾತಾಡುವುದು? ಎರಡು ಕೋಣೆಯ ಮನೆಗಳಲ್ಲಿ ಚಿಲಕವಿರುವುದು ಬಚ್ಚಲಮನೆಗೆ ಮಾತ್ರ. ಆನ್‌ಲೈನ್ ಕೌನ್ಸೆಲಿಂಗ್ ಎಂದು ಜಾಹೀರಾತು ಹಾಕುವವರು ಈ ಕಷ್ಟ ಯೋಚಿಸಿರುವುದಿಲ್ಲ. ಕೊನೆಗೆ ಹುಡುಗಿ ತಾರಸಿಗೆ ಹೋದಳು. ಅಜ್ಜಿ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕಾವಲು ಕೂತರು, ಸೊಸೆಯನ್ನೂ ಹತ್ತಲು ಬಿಡಲಿಲ್ಲ. ಏನು ಮಾತಾಯಿತೆಂದು ಯಾರೂ ಕೇಳಲಿಲ್ಲ. ನಾಲ್ಕು ದಿನದ ಮೇಲೆ ಹುಡುಗಿಯೇ ತಾಯಿಗೆ ಹೇಳಿದಳು: ‘ನಾನು ಸ್ಕೂಲಲ್ಲಿದ್ದಾಗ ನೀನು ಮನೆ ಬಿಟ್ಟು ಹೋಗಿಬಿಡ್ತೀಯ ಅಂತ ಭಯ ಆಗುತ್ತೆ ಅಮ್ಮ.’ ರಾತ್ರಿಯ ಜಗಳದಲ್ಲಿ ತಾಯಿ ಹಾಗೆಂದಿದ್ದು ನಿಜ. ಅಂದಿದ್ದು ಅವರಿಗೆ ಮರೆತೇ ಹೋಗಿತ್ತು.

ಆಮೇಲೆ ತಾಯಿ ಮಾತಾಡಿದರು. ಬಿಡದಿಯ ಕಾರ್ಖಾನೆಯಲ್ಲಿರುವ ತಂದೆಯೂ ಪಾಳಿ ಮುಗಿಸಿ ಅಲ್ಲಿಂದಲೇ ಅದೇ ನಂಬರಿಗೆ ಫೋನ್ ಮಾಡಿದರು. ರಜೆ ಹಾಕಿ ಆಸ್ಪತ್ರೆಗೆ ಬನ್ನಿ ಎಂದಿದ್ದರೆ ಖಂಡಿತ ಬರುತ್ತಿರಲಿಲ್ಲ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ವಾರಕ್ಕೊಂದು ಎರಡು ದಿನ ಬರುತ್ತದೆ. ‘ಸಂಜೆ ನಾನೇ ಬಾಗಿಲು ತೆಗೀತೀನಿ’ ಎಂದು ತಾಯಿ ದಿನಾ ಹೇಳಿ ಕಳಿಸುತ್ತಾರೆ.

ದುಡ್ಡು ತೆಗೆದುಕೊಂಡು ವಿಡಿಯೊದಲ್ಲಿ ಮಾತಾಡುವವರೂ ಈಗ ಬೇಕಾದಷ್ಟಿದ್ದಾರೆ. ಒಳ್ಳೆಯವರಿದ್ದಾರೆ. ಆದರೆ ಓದಿದ್ದೇನು ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮಾತ್ರೆ ಬರೆಯಬೇಕಾದವರು ಮನೋವೈದ್ಯರು. ಹತ್ತು ಸಲದ ಫೀಸು ಇವತ್ತೇ ಕಟ್ಟಿ ಎನ್ನುವವರಿಗೆ ಕಟ್ಟಬೇಡಿ. ಓಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ.

ಯಾರಾದರೂ ‘ಬದುಕಿರೋದು ಬೇಡ’ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಆಗ ಫೋನನ್ನೇ ನಂಬಿ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳೇ, ನಿಮಗೆ ಯಾರಾದರೂ ಹೊಡೆದರೆ, ಹೆದರಿಸಿದರೆ, ಮನೆಯಲ್ಲಿ ಹೇಳಲಾಗದಿದ್ದರೆ 1098. ಹಿರಿಯರಿಗೆ ಬೇರೆಯೇ ಇದೆ, 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಮೂರನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ತಾರೀಕು ಗುರುತು ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ದೊಡ್ಡದಾಗಿ ಬರೆದಿಡಿ. ಅಕ್ಷರ ದುಂಡಗಿರುವ ಮೊಮ್ಮಕ್ಕಳೇ ಬರೆಯಲಿ.