ಗಾಳಿ ಒಯ್ದ ಸೂರು, ಮಧ್ಯವರ್ತಿ ಒಯ್ಯುವ ಪರಿಹಾರ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಜನರಿಗೆ ಬಿಸಿಲಿನಷ್ಟೇ ಭಯ ಸಂಜೆಯ ಬಿರುಗಾಳಿಯದು. ನಲವತ್ತು ಡಿಗ್ರಿ ದಾಟಿದ ಹಗಲಿನ ಬೆನ್ನಿಗೇ ಎದ್ದು ಅರ್ಧ ಗಂಟೆ ಬೀಸುವ ಗಾಳಿ ತಾಂಡಾಗಳ ತಗಡಿನ ಸೂರನ್ನು ಕಿತ್ತು ಎಸೆಯಲು ಸಾಕು. ಅದು ಮುಗಿಯುತ್ತಿದ್ದಂತೆ ಕಾಗಿಣಾ ಮತ್ತು ಭೀಮಾ ನದಿಗಳ ಸರದಿ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಈ ನದಿಗಳು ಉಕ್ಕಿ ಹರಿದಾಗ ಕಲಬುರಗಿ ಜಿಲ್ಲೆಯಲ್ಲಿ ಬೆಳೆಯ ಜೊತೆಗೆ ಮನೆಗಳೂ ಹಾಳಾದವು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿದಾಗ ಜನರು ತಮ್ಮ ಮನೆಯ ಛಾವಣಿಗೇ ಹೆದರಿ ಹೊರಗೆ ರಾತ್ರಿ ಕಳೆದರು.

ವಿಕೋಪ ಯಾವುದೇ ಇರಲಿ, ಮರುದಿನದ ಪ್ರಶ್ನೆ ಒಂದೇ: ಮುಂದಿನ ಮಳೆಯೊಳಗೆ ಸೂರು ಮುಚ್ಚುವುದು ಹೇಗೆ? ಈ ಆತುರವನ್ನೇ ಬಂಡವಾಳ ಮಾಡಿಕೊಳ್ಳುವ ವ್ಯವಹಾರವೊಂದಿದೆ. ಅದರ ಬಗ್ಗೆ ನಮ್ಮಲ್ಲಿ ಚರ್ಚೆಯಾಗಿರುವುದು ತೀರಾ ಕಡಿಮೆ.

ಅಲ್ಲಿ ವಿಮೆ, ಇಲ್ಲಿ ಸರ್ಕಾರ

ಅಮೆರಿಕದಲ್ಲಿ ಇಂಥವರನ್ನು ‘ಬಿರುಗಾಳಿಯ ಬೆನ್ನು ಹತ್ತುವವರು’ ಎಂದೇ ಕರೆಯುತ್ತಾರೆ. ಆಲಿಕಲ್ಲು ಬಿದ್ದ ಊರಿಗೆ ಹೊರರಾಜ್ಯದಿಂದ ಧಾವಿಸಿ, ಮನೆಮನೆಯ ಬಾಗಿಲು ತಟ್ಟಿ, ವಿಮಾ ಹಣ ತಾವೇ ಕೊಡಿಸುವುದಾಗಿ ಹೇಳಿ ಸಹಿ ಪಡೆಯುವ ಛಾವಣಿ ಗುತ್ತಿಗೆದಾರರಿವರು. ಇದಕ್ಕೆ ಕಡಿವಾಣ ಹಾಕಲು ಕೊಲೊರಾಡೊ ರಾಜ್ಯ 2012ರಲ್ಲಿ ಕಾಯ್ದೆ ತಂದು, ಛಾವಣಿ ಒಪ್ಪಂದವನ್ನು 72 ಗಂಟೆಯೊಳಗೆ ರದ್ದುಪಡಿಸುವ ಹಕ್ಕನ್ನು ಮನೆಯ ಮಾಲೀಕರಿಗೆ ನೀಡಿತು. ವಿಮಾ ಪರಿಹಾರದ ಹಕ್ಕನ್ನೇ ಗುತ್ತಿಗೆದಾರನಿಗೆ ಬರೆದುಕೊಡುವ ಪದ್ಧತಿಯನ್ನು ಫ್ಲಾರಿಡಾ ರಾಜ್ಯ 2022ರ ಡಿಸೆಂಬರ್‌ನಲ್ಲಿ ಹೊಸ ಪಾಲಿಸಿಗಳ ಮಟ್ಟಿಗೆ ನಿಲ್ಲಿಸಿತು.

ನಮ್ಮ ಹಳ್ಳಿಗಳಲ್ಲಿ ಮನೆಗೆ ವಿಮೆ ಮಾಡಿಸುವವರು ಅಪರೂಪ. ಹಾಗಾಗಿ ಇಲ್ಲಿ ಬೆನ್ನು ಹತ್ತುವ ಹಣ ವಿಮೆಯದಲ್ಲ, ಸರ್ಕಾರದ ಪರಿಹಾರದ್ದು. 2019ರ ಪ್ರವಾಹದ ನಂತರ ರಾಜ್ಯ ಸರ್ಕಾರ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅಲ್ಪ ಹಾನಿಯ ‘ಸಿ’ ವರ್ಗಕ್ಕೆ ಸಿಕ್ಕಿದ್ದು 50 ಸಾವಿರ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರವು 2022-26ರ ಅವಧಿಗೆ ನಿಗದಿಪಡಿಸಿದ ಮಾನದಂಡದಲ್ಲೂ ಇದೇ ಅಂತರ ಕಾಣುತ್ತದೆ. ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಗೆ 1.20 ಲಕ್ಷ, ಶೇ 15ಕ್ಕೆ ಕಡಿಮೆಯಿಲ್ಲದ ಭಾಗಶಃ ಹಾನಿಗೆ ಪಕ್ಕಾ ಮನೆಯಾದರೆ 6,500, ಕಚ್ಚಾ ಮನೆಯಾದರೆ 4,000 ರೂಪಾಯಿ.

ಗೋಡೆ ನಿಂತು ಛಾವಣಿ ಮಾತ್ರ ಹಾರಿಹೋದ ಮನೆ ಸಾಮಾನ್ಯವಾಗಿ ಭಾಗಶಃ ಹಾನಿಯ ಪಟ್ಟಿಗೆ ಸೇರುತ್ತದೆ. ಒಂದು ಕೋಣೆಗೆ ಹೊಸ ತಗಡು ಹೊದಿಸಲೂ 4,000 ರೂಪಾಯಿ ಸಾಲದು. ಆದರೆ ಅದೇ ಮನೆ ಕಾಗದದ ಮೇಲೆ ‘ಪೂರ್ಣ ಹಾನಿ’ಯಾದರೆ ಮೊತ್ತ ಹತ್ತಾರು ಪಟ್ಟು ಹೆಚ್ಚುತ್ತದೆ. ಮಧ್ಯವರ್ತಿ ಮಾರುವುದು ಈ ಅಂತರವನ್ನೇ. ‘ಕಾಗದಪತ್ರ ಎಲ್ಲಾ ನಾವ್ ನೋಡ್ಕೋತೀವ್ರಿ, ನೀವು ಸಹಿ ಹಾಕಿದ್ರ ಸಾಕು’ ಎಂಬ ಮಾತಿನ ಬೆಲೆ ಅರ್ಥವಾಗುವುದು ಹಣದ ಪಾಲು ಕೇಳುವಾಗ. 2019ರ ನಂತರ ರಾಜ್ಯದ ಹಲವೆಡೆ ಅನರ್ಹರ ಹೆಸರು ಪಟ್ಟಿಗೆ ಸೇರಿದ, ಅರ್ಹರು ಹೊರಗುಳಿದ ದೂರುಗಳು ಎದ್ದಿದ್ದು ಇದೇ ಕಾರಣಕ್ಕೆ.

ಪಂಚನಾಮೆಗೆ ಮುನ್ನಿನ ದಿನಗಳು

ವಂಚನೆಗೆ ಎಡೆ ಸಿಗುವುದು ಹಾನಿಗೂ ಪಂಚನಾಮೆಗೂ ನಡುವಿನ ದಿನಗಳಲ್ಲಿ. ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಎಂಜಿನಿಯರ್ ಬಂದು ನೋಡುವ ಮೊದಲೇ ಸೂರು ಮುಚ್ಚಿದರೆ ಹಾನಿಯ ಸಾಕ್ಷ್ಯ ಅಳಿಯುತ್ತದೆ. ಮುಚ್ಚದೆ ಕಾದರೆ ಜೋಳ, ತೊಗರಿ, ಮಕ್ಕಳ ಪುಸ್ತಕ ಎಲ್ಲವೂ ನೆನೆಯುತ್ತವೆ. ಸಂತ್ರಸ್ತರನ್ನು ಈ ಇಕ್ಕಟ್ಟಿಗೆ ನೂಕಿರುವುದು ವ್ಯವಸ್ಥೆಯೇ. ಆಗ ಅಪರಿಚಿತ ಗುತ್ತಿಗೆದಾರನ ಕೈಗೆ ಮುಂಗಡ ಕೊಡುವವರನ್ನು ದಡ್ಡರೆಂದು ಹಳಿಯುವುದು ನ್ಯಾಯವಲ್ಲ.

ಇಲ್ಲಿ ದಾಖಲೆಯ ಪ್ರಶ್ನೆಯೂ ಇದೆ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 2023ರ ಜನವರಿ 19ರಂದು ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಅಲ್ಲಿಯವರೆಗೆ ಇಷ್ಟು ಕುಟುಂಬಗಳು ದಾಖಲೆಯಿಲ್ಲದ ಮನೆಗಳಲ್ಲಿದ್ದವು ಎಂಬುದನ್ನೂ ಆ ಸಮಾರಂಭ ಹೇಳಿತು. ದಾಖಲೆ ಇಲ್ಲದವರೇ ಮಧ್ಯವರ್ತಿಗೆ ಸುಲಭವಾಗಿ ಸಿಕ್ಕುತ್ತಾರೆ. ವಾಡಿ, ಶಹಾಬಾದ್‌ಗಳಲ್ಲಿ ಸಿಮೆಂಟ್ ಮತ್ತು ಕಲ್ಲುಗಣಿ ನಂಬಿ ಬಂದ ಬಾಡಿಗೆದಾರರ ಸ್ಥಿತಿಯೂ ಅಷ್ಟೆ: ಮನೆ ಹಾನಿಯ ಪರಿಹಾರ ಮಾಲೀಕರ ಹೆಸರಿಗೆ, ಸೋರುವ ಸೂರು ಬಾಡಿಗೆದಾರರ ಪಾಲಿಗೆ.

ತಗಡು, ಚಪ್ಪಡಿ ಮತ್ತು ಕಣ್ಕಟ್ಟು

ಕೆಲಸದಲ್ಲಿ ನಡೆಯುವ ಮೋಸದ ಬಗೆಗಳು ಹೆಚ್ಚೇನಿಲ್ಲ. ಮೊದಲನೆಯದು ತಗಡಿನ ದಪ್ಪ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಹೆಚ್ಚುಕಡಿಮೆ 4 ಕೆ.ಜಿ. ತೂಗಬೇಕು, 0.35 ಮಿ.ಮೀ. ಆದರೆ 3 ಕೆ.ಜಿ.ಗೂ ಕಡಿಮೆ. ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಕಿರಾಣಿ ಅಂಗಡಿಯ ತಕ್ಕಡಿ ತೋರಿಸುತ್ತದೆ. ಎರಡನೆಯದು ಬಿಗಿಪು. ಗಾಳಿ ತಗಡನ್ನು ಮೇಲಿನಿಂದ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಹೆಚ್ಚು, ಅದರಲ್ಲೂ ಅಂಚು ಮತ್ತು ಮೂಲೆಗಳಲ್ಲಿ. ಅಲ್ಲಿ ಕೊಕ್ಕೆ, ಸ್ಕ್ರೂಗಳನ್ನು ಉಳಿಸಿದವನು ಮುಂದಿನ ಬಿರುಗಾಳಿಗೆ ತನ್ನ ಮುಂದಿನ ಕೆಲಸವನ್ನೂ ಉಳಿಸಿಕೊಂಡಂತೆ.

ಶಹಾಬಾದ್ ಚಪ್ಪಡಿಯ ಮಾಳಿಗೆಗಳದು ಬೇರೆ ಕತೆ. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗುವ ಕಲ್ಲಿನ ಸಂದುಗಳಲ್ಲಿ ನೀರು ಜಿನುಗುತ್ತದೆ. ಸಂದುಗಳನ್ನು ಕೆದಕಿ, ಒಣಗಿಸಿ ತುಂಬುವುದು ನಿಜವಾದ ದುರಸ್ತಿ. ಮಳೆಯ ನಡುವೆ ಹಸಿ ಕಲ್ಲಿನ ಮೇಲೆ ‘ವಾಟರ್‌ಪ್ರೂಫ್’ ಲೇಪ ಬಳಿದು ಹತ್ತು ವರ್ಷದ ಗ್ಯಾರಂಟಿ ಕೊಡುವವನ ಮಾತು ಆ ಲೇಪದಷ್ಟು ದಿನವೂ ಬಾಳುವುದಿಲ್ಲ.

ಆಗಬೇಕಾದುದು

ಖಾಸಗಿ ಮನೆಯ ಛಾವಣಿ ಹೊದಿಸುವವರು ನೋಂದಾಯಿಸಿಕೊಳ್ಳಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ಸರ್ಕಾರಿ ಕಾಮಗಾರಿಗಳಿಗೆ ಸಂಬಂಧಿಸಿದ್ದು. ಆದರೂ ಜನ ನಿರಾಯುಧರಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ-2019 ಮನೆ ನಿರ್ಮಾಣವನ್ನು ಸೇವೆಯೆಂದು ಪರಿಗಣಿಸುತ್ತದೆ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಗುತ್ತಿಗೆದಾರ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಮರಳಿದ್ದರೂ ವ್ಯಾಜ್ಯ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ನಡೆಯಬಹುದು. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಹಾಯವಾಣಿ 1915. ಆದರೆ ಇದಕ್ಕೆಲ್ಲ ಆಧಾರವಾಗಿ ರಸೀದಿ ಇರಬೇಕು. ಮುಂಗಡವನ್ನು ನಗದಿನಲ್ಲಿ, ಬಾಯಿಮಾತಿನ ಮೇಲೆ ಕೊಟ್ಟವರ ಪಾಲಿಗೆ ಕಾಯ್ದೆ ಇದ್ದೂ ಇಲ್ಲದಂತೆ.

ಜನರ ಎಚ್ಚರಿಕೆಯೊಂದರಿಂದಲೇ ಇದು ಬಗೆಹರಿಯದು. ಹಾನಿಯಾದ ದಿನವೇ ಮೊಬೈಲ್‌ನಲ್ಲಿ ತೆಗೆದ, ದಿನಾಂಕ ಮತ್ತು ಸ್ಥಳ ನಮೂದಾದ ಚಿತ್ರವನ್ನು ಪಂಚನಾಮೆಗೆ ಪುರಾವೆಯಾಗಿ ಒಪ್ಪಿ, ತಕ್ಷಣ ಸೂರು ಮುಚ್ಚಿಕೊಳ್ಳಲು ಅನುಮತಿಸಿದರೆ ಮಧ್ಯವರ್ತಿಯ ಅರ್ಧ ಬಲ ಕುಂದುತ್ತದೆ. ವಸತಿ ನಿಗಮದ ಮನೆಗಳಿಗೆ ಜಿಪಿಎಸ್ ಚಿತ್ರ ನೋಡಿ ಕಂತು ಬಿಡುಗಡೆ ಮಾಡುವ ಸರ್ಕಾರಕ್ಕೆ ಇದು ಹೊಸದೇನಲ್ಲ. ಹಾನಿಯ ವರ್ಗವಾರು ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದರೆ ಯಾರ ಮನೆ ಬಿದ್ದಿದೆ, ಯಾರದು ನಿಂತಿದೆ ಎಂಬುದನ್ನು ಊರೇ ಹೇಳುತ್ತದೆ. ಸ್ಥಳೀಯ ಗೌಂಡಿ, ವೆಲ್ಡರ್‌ಗಳ ಹೆಸರು ಮತ್ತು ದರವನ್ನು ಬೇಸಿಗೆಗೆ ಮುನ್ನವೇ ಪಂಚಾಯಿತಿ ಪ್ರಕಟಿಸಬಹುದು. ಊರಿನಲ್ಲೇ ಇರುವವನು ಕೆಲಸ ಕೆಡಿಸಿದರೆ ಮರುದಿನ ಸಂತೆಯಲ್ಲಿ ಮುಖ ತೋರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಭಾಗಶಃ ಹಾನಿಯ ಮೊತ್ತ ಛಾವಣಿಯ ನಿಜ ವೆಚ್ಚಕ್ಕೆ ಹತ್ತಿರವಾಗಬೇಕು. ನಿಜ ಹೇಳಿದವನಿಗೆ ನಾಲ್ಕು ಸಾವಿರ, ಸುಳ್ಳು ಬರೆಸಿದವನಿಗೆ ಲಕ್ಷ ಎಂಬ ಲೆಕ್ಕ ಇರುವವರೆಗೆ ಪ್ರತಿ ಬಿರುಗಾಳಿಯ ಹಿಂದೆ ಯಾರಾದರೊಬ್ಬರು ಬಂದೇ ಬರುತ್ತಾರೆ.