ಗಡಾಫಿ ಹತ್ಯೆಗೆ ಚಿನ್ನದ ದಿನಾರ್ ಕಾರಣವೇ?

ನಿಮಗೂ ಈ ಮೆಸೇಜ್ ಬಂದಿರಬಹುದು. ಲಿಬಿಯಾದ ಗಡಾಫಿ ಇಡೀ ಆಫ್ರಿಕಾಕ್ಕೆ ಚಿನ್ನದ ದಿನಾರ್ ತರಲು ಹೊರಟಿದ್ದರು, ಅದಕ್ಕೇ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಅವರನ್ನು ಮುಗಿಸಿದವು ಎನ್ನುತ್ತದೆ ಅದು. ಕೊನೆಯಲ್ಲಿ, ಆಫ್ರಿಕಾದ 14 ದೇಶಗಳು ಫ್ರಾನ್ಸ್‌ಗೆ ಈಗಲೂ ವರ್ಷಕ್ಕೆ 50,000 ಕೋಟಿ ಡಾಲರ್ ಕಪ್ಪ ಕಟ್ಟುತ್ತಿವೆ ಎಂಬ ಸಾಲೂ ಇರುತ್ತದೆ.

ಪೂರ್ತಿ ಸುಳ್ಳಾಗಿದ್ದರೆ ಇದು ಇಷ್ಟು ವರ್ಷ ಓಡಾಡುತ್ತಿರಲಿಲ್ಲ. ಹಾಗಾಗಿ ಬಿಡಿಸಿ ನೋಡೋಣ.

2011ರ ಫೆಬ್ರವರಿಯಲ್ಲಿ ಲಿಬಿಯಾದಲ್ಲಿ ದಂಗೆ ಎದ್ದಿತು. ನಾಗರಿಕರ ರಕ್ಷಣೆಗೆ ಬಲಪ್ರಯೋಗಿಸಬಹುದು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮಾರ್ಚ್ 17ರಂದು ನಿರ್ಣಯ ಮಾಡಿತು. ಭಾರತ, ಚೀನಾ, ರಷ್ಯಾ, ಬ್ರೆಜಿಲ್, ಜರ್ಮನಿ ಮತ ಹಾಕದೆ ದೂರ ಉಳಿದವು. ಎರಡೇ ದಿನಕ್ಕೆ ಬಾಂಬ್ ದಾಳಿ ಶುರುವಾಯಿತು. ಮೊದಲು ಎರಗಿದ್ದು ಫ್ರಾನ್ಸ್‌ನ ವಿಮಾನಗಳು. ಅಕ್ಟೋಬರ್ 20ರಂದು ಸಿರ್ತ್ ನಗರದಲ್ಲಿ ಬಂಡುಕೋರರ ಕೈಗೆ ಸಿಕ್ಕ ಗಡಾಫಿ ಹತರಾದರು.

ಹಾಗಾದರೆ ಚಿನ್ನದ ಮಾತು ಎಲ್ಲಿಂದ ಬಂತು? ಅದಕ್ಕೊಂದು ನಿಜವಾದ ದಾಖಲೆ ಇದೆ. 2011ರ ಏಪ್ರಿಲ್ 2ರಂದು ಸಿಡ್ನಿ ಬ್ಲೂಮೆಂಥಾಲ್ ಎಂಬವರು ಆಗಿನ ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಅವರಿಗೆ ಕಳಿಸಿದ ಇ-ಮೇಲ್ ಅದು. ಗಡಾಫಿ ಬಳಿ 143 ಟನ್ ಚಿನ್ನವೂ ಹೆಚ್ಚುಕಡಿಮೆ ಅಷ್ಟೇ ಬೆಳ್ಳಿಯೂ ಇದೆ, ಫ್ರೆಂಚ್ ಭಾಷೆಯ ಆಫ್ರಿಕನ್ ದೇಶಗಳಿಗೆ ಹೊಸ ಕರೆನ್ಸಿ ಕೊಡುವುದು ಅವರ ಯೋಜನೆ, ಫ್ರಾನ್ಸ್‌ನ ಅಧ್ಯಕ್ಷ ಸರ್ಕೋಜಿ ಯುದ್ಧಕ್ಕಿಳಿಯಲು ಇದೂ ಒಂದು ಕಾರಣ ಎಂದು ಅದರಲ್ಲಿದೆ. ಆದರೆ ಅದೇ ಪತ್ರ ಲಿಬಿಯಾದ ತೈಲದ ಪಾಲನ್ನೂ ಸರ್ಕೋಜಿಯವರ ಸ್ವದೇಶಿ ರಾಜಕೀಯವನ್ನೂ ಕಾರಣಗಳ ಸಾಲಿನಲ್ಲಿ ಇಡುತ್ತದೆ. ಫಾರ್ವರ್ಡ್ ಮಾಡುವವರು ಆ ಭಾಗವನ್ನು ಬಿಟ್ಟುಬಿಡುತ್ತಾರೆ. ಬ್ಲೂಮೆಂಥಾಲ್ ಸರ್ಕಾರಿ ಅಧಿಕಾರಿಯೂ ಆಗಿರಲಿಲ್ಲ. ಹೆಸರಿಲ್ಲದ ಮೂಲಗಳಿಂದ ಕೇಳಿದ್ದನ್ನು ಬರೆದವರು.

ಲೆಕ್ಕವನ್ನೂ ಹಾಕಿ. ಆ ಚಿನ್ನ, ಬೆಳ್ಳಿಯ ಬೆಲೆ ಸುಮಾರು 700 ಕೋಟಿ ಡಾಲರ್ ಎನ್ನುತ್ತದೆ ಪತ್ರ. ಆಗ ಆಫ್ರಿಕಾದ ಜನಸಂಖ್ಯೆ 100 ಕೋಟಿ ದಾಟಿತ್ತು. ತಲೆಗೆ ಏಳು ಡಾಲರ್ ಕೂಡ ಬರುವುದಿಲ್ಲ. ಇದರಿಂದ ಡಾಲರ್ ನಡುಗಿತು ಎಂದರೆ ನಂಬುವುದು ಕಷ್ಟ.

ಹಾಗೆಂದು ಪಶ್ಚಿಮದ ದೇಶಗಳು ಹೇಳಿದ ಕಾರಣವೂ ಗಟ್ಟಿಯಾಗಿ ನಿಲ್ಲಲಿಲ್ಲ. ನಾಗರಿಕರಿಗಿದ್ದ ಅಪಾಯವನ್ನು ಉತ್ಪ್ರೇಕ್ಷಿಸಲಾಗಿತ್ತು, ರಕ್ಷಣೆಗೆಂದು ಶುರುವಾದದ್ದು ಆಡಳಿತ ಬದಲಿಸುವ ಯುದ್ಧವಾಯಿತು ಎಂದು ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿಯೇ 2016ರಲ್ಲಿ ವರದಿ ಕೊಟ್ಟಿತು.

ಇನ್ನು ಕಪ್ಪದ ವಿಷಯ. ಆ 14 ದೇಶಗಳ ಒಟ್ಟು ವಾರ್ಷಿಕ ಉತ್ಪನ್ನವೇ 50,000 ಕೋಟಿ ಡಾಲರ್ ಆಗುವುದಿಲ್ಲ, ಮತ್ತೆ ಕಪ್ಪ ಎಲ್ಲಿಂದ ಕಟ್ಟುತ್ತವೆ? ನಿಜ ಸಂಗತಿ ಬೇರೆ. 1945ರಲ್ಲಿ ಫ್ರಾನ್ಸ್ ತನ್ನ ವಸಾಹತುಗಳಿಗೆಂದು ತಂದ ಸಿಎಫ್‌ಎ ಫ್ರಾಂಕ್ ಈಗಲೂ ಈ ದೇಶಗಳ ಹಣ. ಮೌಲ್ಯದ ಖಾತರಿ ಫ್ರಾನ್ಸ್‌ನದು. ಅದಕ್ಕೆ ಬದಲಾಗಿ ಈ ದೇಶಗಳು ತಮ್ಮ ವಿದೇಶಿ ವಿನಿಮಯದ ಅರ್ಧ ಭಾಗವನ್ನು ಫ್ರಾನ್ಸ್‌ನ ಖಜಾನೆಯಲ್ಲಿ ಇಡಬೇಕಿತ್ತು. ಅದು ತೆರಿಗೆಯಲ್ಲ, ಠೇವಣಿ, ಬಡ್ಡಿಯೂ ಬರುತ್ತಿತ್ತು. ಆದರೆ ನಮ್ಮ ಮನೆಯ ದುಡ್ಡಿನ ಕೀಲಿಕೈ ಪಕ್ಕದ ಮನೆಯಲ್ಲಿದ್ದರೆ ಹೇಗಿರುತ್ತದೆ? 1994ರ ಜನವರಿಯಲ್ಲಿ ಈ ಹಣದ ಮೌಲ್ಯವನ್ನು ಅರ್ಧಕ್ಕೆ ಇಳಿಸಿದಾಗ ಆಮದಾಗುವ ಔಷಧಿಗೆ ಇದ್ದಕ್ಕಿದ್ದಂತೆ ದುಪ್ಪಟ್ಟು ಫ್ರಾಂಕ್ ಬೇಕಾಯಿತು. ಪಶ್ಚಿಮ ಆಫ್ರಿಕಾದ ಎಂಟು ದೇಶಗಳಿಗೆ ಠೇವಣಿಯ ಷರತ್ತು ತೆಗೆಯುವ ಘೋಷಣೆ ಬಂದದ್ದು 2019ರ ಡಿಸೆಂಬರ್‌ನಲ್ಲಿ.

ಈ ವ್ಯವಸ್ಥೆ ಬಿಟ್ಟವರ ಮೇಲೆಲ್ಲ ಬಾಂಬ್ ಬಿತ್ತೇ? ಇಲ್ಲ. 1973ರಲ್ಲಿ ಮಾರಿಟೇನಿಯಾ, ಮಡಗಾಸ್ಕರ್ ಯುದ್ಧವಿಲ್ಲದೆ ಹೊರಬಂದವು. 1960ರಲ್ಲಿ ಸ್ವಂತ ಹಣ ತಂದ ಗಿನಿಗೆ ಮಾತ್ರ ಫ್ರಾನ್ಸ್‌ನ ಗುಪ್ತಚರರು ಖೋಟಾ ನೋಟು ಹರಿಸಿದ್ದರು. ಈ ಕಥೆ ಯಾಕೋ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಗಡಾಫಿ ಬಿದ್ದ ಮೇಲೆ ಲಿಬಿಯಾದ ಶಸ್ತ್ರಾಸ್ತ್ರಗಳು ಮಾಲಿಗೆ ಹರಿದವು. ಅಲ್ಲಿನ ಬಂಡಾಯ ಹತ್ತಿಕ್ಕಲು 2013ರಲ್ಲಿ ಫ್ರೆಂಚ್ ಸೈನಿಕರು ಬಂದಿಳಿದರು. ಕೊನೆಗೆ ಹೊಸ ಸೇನಾ ಸರ್ಕಾರಗಳು ಅವರನ್ನು 2022ರಲ್ಲಿ ಮಾಲಿಯಿಂದ, 2023ರಲ್ಲಿ ಬುರ್ಕಿನಾ ಫಾಸೊ ಮತ್ತು ನೈಜರ್‌ನಿಂದ ಹೊರಗೆ ಕಳಿಸಿದವು. ಆದರೂ ಈ ಮೂರು ದೇಶಗಳ ಸಂತೆಯಲ್ಲಿ ನಡೆಯುತ್ತಿರುವುದು ಅದೇ ಸಿಎಫ್‌ಎ ಫ್ರಾಂಕ್. ಒಂದು ಯೂರೋಗೆ 655.957 ಎಂದು ಕಟ್ಟಿಹಾಕಿದ ದರದಲ್ಲಿ.